ಕಂಬಿ ಹತ್ತಲಾರದ ಹುಡುಗನ ಚಿನ್ನದ ಕನಸು

ಜಪಾನಿನ ಪ್ರಾಥಮಿಕ ಶಾಲೆಗಳ ಅಂಗಳದ ಒಂದು ಮೂಲೆಯಲ್ಲಿ ಸಾಲಾಗಿ ನೆಟ್ಟ ಕಬ್ಬಿಣದ ಕಂಬಿಗಳು ಕಣ್ಣಿಗೆ ಬೀಳುತ್ತವೆ. ಒಂದು ಮಗುವಿನ ಸೊಂಟದೆತ್ತರ, ಇನ್ನೊಂದು ಎದೆಯೆತ್ತರ, ಮತ್ತೊಂದು ತಲೆಗಿಂತ ತುಸು ಮೇಲೆ. ಅಲ್ಲಿಯವರು ಅದನ್ನು ತೆತ್ಸುಬೋ ಎನ್ನುತ್ತಾರೆ. ನಮ್ಮ ಮೈದಾನಗಳಲ್ಲಿ ಹುಡುಗರು ಜೋತುಬೀಳುವ ಸಿಂಗಲ್ ಬಾರ್ ಇದರದೇ ಅಣ್ಣ. ಈ ಕಂಬಿಯ ಮೇಲೆ ಜಪಾನಿನ ಪ್ರತಿ ಮಗುವೂ ಕಲಿಯಬೇಕಾದ ಒಂದು ಕಸರತ್ತಿದೆ. ಹೆಸರು ಸಕಾ-ಅಗರಿ. ನೆಲದಲ್ಲಿ ನಿಂತು ಕಂಬಿ ಹಿಡಿದು, ಒಂದು ಕಾಲನ್ನು ಆಕಾಶಕ್ಕೆ ಒದ್ದು, ಹಿಮ್ಮುಖವಾಗಿ ಕಂಬಿಯ ಸುತ್ತ ಉರುಳಿ, ಕೊನೆಗೆ ಹೊಟ್ಟೆಯನ್ನು ಕಂಬಿಗೆ ಒತ್ತಿ ಮೇಲೇಳುವುದು.

ನೋಡಲು ಸುಲಭ, ಮಾಡಲು ಹೋದರೆ ಮೈ ಕೇಳುವುದಿಲ್ಲ. ಹೊಸದಾಗಿ ಯತ್ನಿಸುವ ಮಗು ಕಾಲೆತ್ತುವ ರಭಸದಲ್ಲಿ ಮೊಣಕೈ ಬಿಡಿಸಿಬಿಡುತ್ತದೆ. ಎದೆ ಕಂಬಿಯಿಂದ ದೂರ ಸರಿಯುತ್ತದೆ. ಮೈಭಾರವೆಲ್ಲ ಕೆಳಕ್ಕೆ ಜಗ್ಗುತ್ತದೆ. ಕಾಲು ಅರ್ಧದಾರಿಗೆ ಹೋಗಿ ದೊಪ್ಪನೆ ವಾಪಸ್ಸು ಬೀಳುತ್ತದೆ. ಇದಕ್ಕೆ ಅಲ್ಲಿನ ತಾಯ್ತಂದೆಯರು ಒಂದು ಉಪಾಯ ಕಂಡುಕೊಂಡಿದ್ದಾರೆ. ಉದ್ದನೆಯ ಟವೆಲನ್ನು ಮಗುವಿನ ಸೊಂಟದ ಹಿಂದಿನಿಂದ ತಂದು, ಅದರ ಎರಡು ತುದಿಗಳನ್ನೂ ಕಂಬಿಯ ಜೊತೆಗೇ ಮುಷ್ಟಿಯಲ್ಲಿ ಹಿಡಿಸುತ್ತಾರೆ. ಆಗ ಸೊಂಟ ಕಂಬಿಯನ್ನು ಬಿಟ್ಟು ದೂರ ಹೋಗಲಾರದು. ನಾಲ್ಕಾರು ಸಲ ಹಾಗೆ ಉರುಳಿದ ಮೇಲೆ ಮೈಗೆ ಗುಟ್ಟು ತಿಳಿಯುತ್ತದೆ: ಹೊಟ್ಟೆ ಕಂಬಿಗೆ ಹತ್ತಿರವಿದ್ದಷ್ಟೂ ತಿರುಗುವುದು ಹಗುರ.

ಪ್ರಾಥಮಿಕ ಶಾಲೆ ಮುಗಿಸಿದರೂ ಈ ಸಕಾ-ಅಗರಿ ಒಲಿಯದ ಹುಡುಗನೊಬ್ಬ, ಒಲಿಂಪಿಕ್ಸ್‌ನಲ್ಲಿ ಚಿನ್ನದ ಪದಕ ಗೆಲ್ಲುತ್ತೇನೆಂದು ಜಿಮ್ನಾಸ್ಟಿಕ್ಸ್ ತಂಡಕ್ಕೆ ಬಂದು ಹೆಸರು ಕೊಟ್ಟರೆ? 'ಗಂಬಾ! ಫ್ಲೈ ಹೈ' ಎಂಬ ಜಪಾನೀ ಕಾಮಿಕ್, ಅಂದರೆ ಮಂಗಾ, ಶುರುವಾಗುವುದು ಈ ಎಳೆಯಿಂದ.

ಹುಡುಗನ ಹೆಸರು ಶುನ್ ಫುಜಿಮಾಕಿ. ಹೇಸೇ ಗಾಕುಎನ್ ಎಂಬ ಕಾಲ್ಪನಿಕ ಮಾಧ್ಯಮಿಕ ಶಾಲೆಯ ಮೊದಲ ವರ್ಷದ ವಿದ್ಯಾರ್ಥಿ. ನಮ್ಮ ಲೆಕ್ಕದಲ್ಲಿ ಏಳನೇ ತರಗತಿ. ಮೈಕಟ್ಟಿಲ್ಲ, ಅನುಭವವಿಲ್ಲ, ಮನೆತನದ ಬಲವೂ ಇಲ್ಲ. ಸೇರಿದ ತಂಡವಾದರೂ ಹೆಸರುವಾಸಿಯೇ ಎಂದರೆ ಅದೂ ಅಲ್ಲ. 'ಗಂಬಾ' ಎಂಬ ಪದ ಜಪಾನೀಯರು ಮೈದಾನದ ಅಂಚಿನಲ್ಲಿ ನಿಂತು ಕೂಗುವ 'ಗಂಬಾರೆ'ಯಿಂದ ಬಂದದ್ದು. ನಮ್ಮಲ್ಲಿ ಕಬಡ್ಡಿ ಅಂಕಣದ ಸುತ್ತ ನಿಂತವರು "ಬಿಡ್ಬೇಡ, ಬಿಡ್ಬೇಡ" ಎನ್ನುವಾಗ ಇರುವ ಒತ್ತಾಸೆಯೇ ಅದರಲ್ಲೂ ಇದೆ.

ಈ ಕತೆ 1994ರಿಂದ 2000ದವರೆಗೆ 'ಶೋನೆನ್ ಸಂಡೇ' ಎಂಬ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಶೋಗಾಕುಕಾನ್ ಪ್ರಕಾಶನದ ಈ ಪತ್ರಿಕೆ 1959ರಲ್ಲಿ ಹುಟ್ಟಿದ್ದು. ಹುಡುಗರಿಗೆಂದೇ ಅಚ್ಚಾಗುವ ಇಂಥ ಪತ್ರಿಕೆಗಳು ಇಟ್ಟಿಗೆಯಂತೆ ದಪ್ಪ, ಕಾಗದ ಒರಟು, ಒಳಪುಟಗಳು ಬಹುತೇಕ ಕಪ್ಪು ಬಿಳುಪು. ಕಠಿಣ ಚಿತ್ರಲಿಪಿಗಳ ಪಕ್ಕದಲ್ಲಿ ಅವನ್ನು ಓದುವ ಬಗೆಯನ್ನು ಪುಟ್ಟ ಅಕ್ಷರಗಳಲ್ಲಿ ಕೊಟ್ಟಿರುತ್ತಾರೆ. ಹಾಗಾಗಿ ಎಂಟು ವರ್ಷದ ಮಗುವೂ ಯಾರ ನೆರವಿಲ್ಲದೆ ಓದಿಕೊಳ್ಳಬಹುದು. ಶುನ್ ಕಾಲಿಟ್ಟ 1994ರಲ್ಲೇ ಅದೇ ಪತ್ರಿಕೆಯಲ್ಲಿ 'ಡಿಟೆಕ್ಟಿವ್ ಕೊನಾನ್' ಆರಂಭವಾಯಿತು, ಬೇಸ್‌ಬಾಲ್ ಕತೆ 'ಮೇಜರ್' ಕೂಡ. ಎರಡೂ ಮುಂದೆ ಜಗತ್ತು ಸುತ್ತಿದ ಕತೆಗಳು. ಅವುಗಳ ನಡುವೆ ಕಂಬಿ ಹತ್ತಲಾರದ ಹುಡುಗ ಆರು ವರ್ಷ ನಿಂತ. ಬಿಡಿ ಸಂಪುಟಗಳಾಗಿ ಕಟ್ಟಿದಾಗ ಕತೆ 34 ಪುಸ್ತಕಗಳಷ್ಟಾಯಿತು. 43ನೇ ಶೋಗಾಕುಕಾನ್ ಮಂಗಾ ಪ್ರಶಸ್ತಿ ಬಂತು. 1996ರಲ್ಲಿ 'ಗಂಬಾರಿಸ್ಟ್! ಶುನ್' ಎಂಬ ಹೆಸರಿನ ಟಿವಿ ಆ್ಯನಿಮೇಶನ್ ಕೂಡ ಆಯಿತು.

ಚಿತ್ರ ಬರೆದವರು ಹಿರೋಯುಕಿ ಕಿಕುತಾ. ಕತೆ ಕೊಟ್ಟವರು ಶಿಂಜಿ ಮೊರಿಸುಎ. ಈ ಎರಡನೆಯ ಹೆಸರಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಈ ಕಾಮಿಕ್‌ನ ಜೀವ ಇರುವುದೇ ಅಲ್ಲಿ.

ಮೊರಿಸುಎ ವೃತ್ತಿಯಿಂದ ಕತೆಗಾರರಲ್ಲ. 1957ರಲ್ಲಿ ಒಕಾಯಾಮಾ ಪ್ರಾಂತ್ಯದಲ್ಲಿ ಹುಟ್ಟಿದ ಜಿಮ್ನಾಸ್ಟ್. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಹೈಬಾರ್ ಸ್ಪರ್ಧೆಯಲ್ಲಿ ಚಿನ್ನ ಗೆದ್ದವರು. ಗೆದ್ದರು ಎಂದಷ್ಟೇ ಹೇಳಿದರೆ ಸಾಲದು. ಆ ಕಾಲದಲ್ಲಿ ಜಿಮ್ನಾಸ್ಟ್‌ಗಳು ಎಲ್ಲರಿಗೂ ಒಂದೇ ಆದ ಕಡ್ಡಾಯ ಕಸರತ್ತನ್ನೂ ತಾವೇ ಹೆಣೆದುಕೊಂಡ ಕಸರತ್ತನ್ನೂ ಮಾಡಿ ತೋರಿಸಬೇಕಿತ್ತು. ಫೈನಲ್ ಆಮೇಲೆ. ಮೊರಿಸುಎ ಹೈಬಾರನ್ನು ಮೂರು ಸಲ ಏರಿದರು, ಮೂರು ಸಲವೂ ಹತ್ತಕ್ಕೆ ಹತ್ತು ಅಂಕ ಪಡೆದರು. ಮೊದಲ ಎರಡರ ಸರಾಸರಿಗೆ ಫೈನಲ್‌ನ ಅಂಕ ಕೂಡಿ ಅಂತಿಮ ಮೊತ್ತ 20ಕ್ಕೆ 20. ಅದೇ ಕೂಟದಲ್ಲಿ ವಾಲ್ಟ್‌ನಲ್ಲಿ ಬೆಳ್ಳಿ, ತಂಡದೊಂದಿಗೆ ಕಂಚು. ಸೋವಿಯತ್ ಒಕ್ಕೂಟ ಆ ಒಲಿಂಪಿಕ್ಸನ್ನು ಬಹಿಷ್ಕರಿಸಿತ್ತು ನಿಜ. ಆದರೆ ಚೀನಾದ ಪ್ರಬಲ ತಂಡ ಅಲ್ಲೇ ಇತ್ತು. ಪ್ಯಾರಲಲ್ ಬಾರ್‌ನಲ್ಲಿ ಹಿಂದಕ್ಕೆ ಎರಡು ಲಾಗ ಹೊಡೆದು ತೋಳುಗಳ ಮೇಲೆ ಬಂದು ನಿಲ್ಲುವ ಒಂದು ಪಟ್ಟಿಗೆ ಇಂದಿಗೂ 'ಮೊರಿಸುಎ' ಎಂದೇ ಹೆಸರು.

ಅಂದರೆ, ಶುನ್‌ನ ಕತೆ ಹೇಳುತ್ತಿರುವುದು ಆ ಕಂಬಿಯನ್ನು ಅಂಗೈಯಿಂದ ಬಲ್ಲ ಮನುಷ್ಯ. ಅಂತರರಾಷ್ಟ್ರೀಯ ಸ್ಪರ್ಧೆಯ ಹೈಬಾರ್ ನೆಲದಿಂದ 2.8 ಮೀಟರ್ ಎತ್ತರ, ಉದ್ದ 2.4 ಮೀಟರ್. ದಪ್ಪವಾದರೋ 28 ಮಿಲಿಮೀಟರ್, ಅಂದರೆ ಹೆಬ್ಬೆರಳಿಗಿಂತ ಒಂದಿಷ್ಟು ಹೆಚ್ಚು. ಮೈಯನ್ನು ಚಾಚಿ ಕಂಬಿಯ ಸುತ್ತ ಪೂರ್ತಿ ಸುತ್ತುವಾಗ, ತೂಗಾಟದ ತಳದಲ್ಲಿ ಜಿಮ್ನಾಸ್ಟ್‌ನ ಕೈಗಳ ಮೇಲೆ ಅವನ ತೂಕದ ಮೂರು ನಾಲ್ಕು ಪಟ್ಟು ಎಳೆತ ಬೀಳುತ್ತದೆ. ಕಂಬಿ ಬಿಲ್ಲಿನಂತೆ ಬಾಗುತ್ತದೆ. ಆ ಬಾಗು ಬಿಡಿಸಿಕೊಳ್ಳುವ ಗಳಿಗೆಯನ್ನು ಸರಿಯಾಗಿ ಹಿಡಿದವನು ಮೇಲಕ್ಕೆ ಚಿಮ್ಮುತ್ತಾನೆ, ತಪ್ಪಿದವನು ನೆಲಕ್ಕೆ ಬರುತ್ತಾನೆ. ಅಂಗೈ ಜಡ್ಡುಗಟ್ಟುತ್ತದೆ, ಜಡ್ಡು ಹರಿದು ರಕ್ತ ಬರುತ್ತದೆ. ಅದು ಮಾಗುವ ಮೊದಲೇ ಮತ್ತೆ ಬಿಳಿ ಮೆಗ್ನೀಸಿಯಂ ಪುಡಿ ಹಚ್ಚಿಕೊಂಡು ಕಂಬಿ ಹಿಡಿಯಬೇಕು. ಇದನ್ನೆಲ್ಲ ಪುಸ್ತಕ ಓದಿ ತಿಳಿದ ಲೇಖಕ ಬರೆದರೆ ಒಂದು ಬಗೆ. ಲಾಸ್ ಏಂಜಲೀಸಿನಲ್ಲಿ ಮೂರು ಸಲ ಹತ್ತಂಕ ಪಡೆದವನು ಬರೆದರೆ ಬೇರೆಯೇ ಬಗೆ.

ಆದರೂ ಮೊರಿಸುಎ ಆರಿಸಿಕೊಂಡ ನಾಯಕ ತನ್ನಂಥ ನಿಪುಣನಲ್ಲ, ಸಕಾ-ಅಗರಿ ಬಾರದ ಹುಡುಗ. ಈ ಆಯ್ಕೆಯೇ ಕಾಮಿಕ್‌ನ ದೊಡ್ಡ ಜಾಣ್ಮೆ. ಓದುವ ಮಕ್ಕಳಲ್ಲಿ ಅರ್ಧಕ್ಕರ್ಧ ಮಂದಿ ಶಾಲೆಯ ಕಂಬಿಯಿಂದ ಒಮ್ಮೆಯಾದರೂ ದೊಪ್ಪನೆ ಬಿದ್ದವರೇ. ಒಲಿಂಪಿಕ್ಸ್‌ನ ಹೈಬಾರ್ ಅವರಿಗೆ ದೂರದ ಬೆಟ್ಟ. ಶಾಲೆಯ ಕಂಬಿಯಾದರೋ ದಿನವೂ ಎದುರಿಗೇ ಇರುತ್ತದೆ. ಕತೆ ಆ ಕಂಬಿಯಿಂದ ಹತ್ತಲು ಶುರುಮಾಡಿ ಸಿಡ್ನಿ ಒಲಿಂಪಿಕ್ಸ್‌ವರೆಗೆ ಓದುಗನನ್ನು ಕೈಹಿಡಿದು ಕರೆದೊಯ್ಯುತ್ತದೆ.

ಜಪಾನಿನಲ್ಲಿ ಕ್ರೀಡಾ ಕಾಮಿಕ್‌ಗಳ ಪರಂಪರೆ ದೊಡ್ಡದು, ಅದಕ್ಕೆ 'ಸ್ಪೋಕೊನ್' ಎಂಬ ಸ್ವಂತ ಹೆಸರೇ ಇದೆ. ಸ್ಪೋರ್ಟ್ಸ್ ಮತ್ತು ಕೊಂಜೋ ಸೇರಿ ಆದ ಪದ. ಕೊಂಜೋ ಎಂದರೆ ಎದೆಗಾರಿಕೆ, ಹಟ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜಪಾನಿನ ಮಹಿಳಾ ವಾಲಿಬಾಲ್ ತಂಡ ಚಿನ್ನ ಗೆದ್ದಾಗ ಇಡೀ ದೇಶ ಟಿವಿ ಮುಂದಿತ್ತು. ಅದರ ಬೆನ್ನಲ್ಲೇ 1966ರಲ್ಲಿ ಬೇಸ್‌ಬಾಲ್ ಕತೆ 'ಕ್ಯೊಜಿನ್ ನೊ ಹೊಶಿ', 1968ರಲ್ಲಿ ವಾಲಿಬಾಲ್ ಕತೆ 'ಅಟ್ಯಾಕ್ ನಂಬರ್ ಒನ್' ಬಂದವು. ಮೊದಲನೆಯದರಲ್ಲಿ ತಂದೆ ಮಗನ ಮೈಗೆ ಸ್ಪ್ರಿಂಗ್‌ಗಳ ಕವಚ ತೊಡಿಸಿ ತೋಳು ಗಟ್ಟಿ ಮಾಡಿಸುತ್ತಾನೆ. ಊಟದ ಹೊತ್ತಿಗೂ ಆ ಕವಚ ಕಳಚುವಂತಿಲ್ಲ. ಈ ಕತೆ ಭಾರತಕ್ಕೂ ಬಂದಿದೆ. 2012ರಲ್ಲಿ 'ಸೂರಜ್: ದಿ ರೈಸಿಂಗ್ ಸ್ಟಾರ್' ಎಂಬ ಆ್ಯನಿಮೇಶನ್ ಸರಣಿಯಾಗಿ, ಬೇಸ್‌ಬಾಲ್ ಬದಲು ಕ್ರಿಕೆಟ್ ಹೊದ್ದು, ಹಿಂದಿ ವಾಹಿನಿಯೊಂದರಲ್ಲಿ ಪ್ರಸಾರವಾಯಿತು. ಸ್ಪ್ರಿಂಗ್‌ಗಳ ಜಾಗದಲ್ಲಿ ಅಲ್ಲಿ ಸೈಕಲ್ ಟ್ಯೂಬು ಬಂತು.

ಆ ಹಳೆಯ ಸ್ಪೋಕೊನ್ ಕತೆಗಳಲ್ಲಿ ಆಟವೆಂದರೆ ತಪಸ್ಸು, ಕಣ್ಣೀರು, ಗದರುವ ಗುರು. 80ರ ದಶಕದಲ್ಲಿ ಗಾಳಿ ಬದಲಾಯಿತು. 1981ರಲ್ಲಿ ಶುರುವಾದ 'ಕ್ಯಾಪ್ಟನ್ ತ್ಸುಬಾಸಾ'ದ ಹುಡುಗನಿಗೆ ಚೆಂಡೇ ಗೆಳೆಯ. 1990ರ 'ಸ್ಲ್ಯಾಮ್ ಡಂಕ್' ಜಪಾನಿನ ಶಾಲೆಗಳಿಗೆ ಬ್ಯಾಸ್ಕೆಟ್‌ಬಾಲಿನ ಹುಚ್ಚು ಹಿಡಿಸಿತು. 'ಗಂಬಾ' ಈ ಎರಡನೆಯ ಗಾಳಿಯ ಮಗು. ಶುನ್ ಬೆವರು ಸುರಿಸುತ್ತಾನೆ, ಬೀಳುತ್ತಾನೆ, ಅಳುತ್ತಾನೆ. ಆದರೆ ಅವನನ್ನು ಮತ್ತೆ ಕಂಬಿಗೆ ಕರೆತರುವುದು ಖುಷಿಯೇ ಹೊರತು ಅಂಜಿಕೆಯಲ್ಲ. ಕತೆ ಎತ್ತಿ ಹಿಡಿಯುವುದು ಆನಂದದ ಜಿಮ್ನಾಸ್ಟಿಕ್ಸನ್ನು. ಮೈ ಗಾಳಿಯಲ್ಲಿ ತೇಲುವ ಆ ಅರೆಕ್ಷಣದ ಹಿಗ್ಗಿಗಾಗಿ ಆಡುವವನು ಮೊದಲು, ಪದಕಕ್ಕಾಗಿ ಆಡುವವನು ಆಮೇಲೆ. ಪದಕ ಗೆದ್ದವನೇ ಇದನ್ನು ಮಕ್ಕಳಿಗೆ ಹೇಳಿದ್ದರಿಂದ ಮಾತಿಗೆ ತೂಕ ಬಂತು.

ಜಿಮ್ನಾಸ್ಟಿಕ್ಸನ್ನು ಕಾಮಿಕ್ ಮಾಡುವುದು ಸುಲಭದ ಕೆಲಸವಲ್ಲ. ಕ್ರಿಕೆಟ್ಟಿನಲ್ಲಿ ಬೌಲರ್ ಮತ್ತು ಬ್ಯಾಟ್ಸ್‌ಮನ್ ಎದುರುಬದುರು ನಿಲ್ಲುತ್ತಾರೆ. ಕುಸ್ತಿಯಲ್ಲಿ ಮೈಗೆ ಮೈ ತಾಗುತ್ತದೆ. ಜಗಳವಿದ್ದಲ್ಲಿ ಕತೆ ತಾನಾಗಿ ಹುಟ್ಟುತ್ತದೆ. ಜಿಮ್ನಾಸ್ಟ್‌ನ ಎದುರಾಳಿಯಾದರೋ ಬೆಂಚಿನ ಮೇಲೆ ಕೂತು ಟವೆಲ್ ಹೊದ್ದು ನೋಡುತ್ತಿರುತ್ತಾನೆ. ಕಂಬಿಯ ಮೇಲಿರುವವನ ಹೋರಾಟವೆಲ್ಲ ಭೂಮಿಯ ಸೆಳೆತದ ಜೊತೆ, ತನ್ನ ಹೆದರಿಕೆಯ ಜೊತೆ. ಸಾಲದ್ದಕ್ಕೆ ಎಲ್ಲವೂ ಎವೆಯಿಕ್ಕುವಷ್ಟರಲ್ಲಿ ಮುಗಿಯುತ್ತದೆ. ಕಂಬಿ ಬಿಟ್ಟು, ಎರಡು ಲಾಗ ಹಾಕಿ, ಮತ್ತೆ ಕಂಬಿ ಹಿಡಿಯಲು ಒಂದು ಸೆಕೆಂಡೂ ಹಿಡಿಯುವುದಿಲ್ಲ.

ಈ ತೊಡಕನ್ನೇ ಮಂಗಾ ಕಲೆ ತನ್ನ ಬಲ ಮಾಡಿಕೊಂಡಿತು. ಟಿವಿಯಲ್ಲಿ ಕಣ್ಣಿಗೆ ಸಿಗದ ಆ ಒಂದು ಸೆಕೆಂಡನ್ನು ಕಾಮಿಕ್ ನಾಲ್ಕು ಪುಟಗಳಿಗೆ ಹಿಗ್ಗಿಸಬಲ್ಲದು. ಒಂದು ಚೌಕದಲ್ಲಿ ಬೆರಳುಗಳು ಕಂಬಿಯಿಂದ ಬಿಡಿಸಿಕೊಳ್ಳುತ್ತವೆ. ಮುಂದಿನದರಲ್ಲಿ ಪುಡಿಯ ಬಿಳಿ ಧೂಳು ಗಾಳಿಗೆ ಹಾರುತ್ತದೆ. ಆಮೇಲೆ ಪುಟದ ತುಂಬ ತಲೆಕೆಳಗಾದ ಮೈ, ಅದರ ಹಿಂದೆ ಮಸುಕಾದ ಛಾವಣಿ, ದೀಪಗಳು. ಚೌಕದ ಗೆರೆ ಇಲ್ಲದ ಪುಟದಲ್ಲಿ ಕಾಲವೂ ನಿಂತಂತೆ. ಪುಟ ತಿರುವಿದರೆ ಕಂಬಿಯ ಕಡೆಗೆ ಚಾಚಿದ ಕೈ. ಅದು ತಲುಪಿತೋ ಇಲ್ಲವೋ ಎಂಬುದು ಮುಂದಿನ ವಾರಕ್ಕೆ! ವಾರಪತ್ರಿಕೆಯ ಓದುಗ ಏಳು ದಿನ ಆ ಹುಡುಗನನ್ನು ಗಾಳಿಯಲ್ಲೇ ಬಿಟ್ಟು ಕಾಯಬೇಕು. ಇಂಥ ಕಾಲದ ಹಿಡಿತ ಚಲಿಸುವ ಚಿತ್ರಕ್ಕೂ ಇಲ್ಲ. ಅಲ್ಲದೆ ಮೈಯ ಪ್ರತಿ ಹಂತವನ್ನೂ ಬಿಡಿಬಿಡಿಯಾಗಿ ಬರೆದಾಗ ಅದು ಪಾಠವೂ ಆಗುತ್ತದೆ. ತಲೆ ಯಾವಾಗ ಹಿಂದಕ್ಕೆ ಬಾಗಬೇಕು, ಭುಜ ಎಲ್ಲಿ ತೆರೆಯಬೇಕು, ಮಂಡಿ ಯಾವಾಗ ಮಡಿಸಬೇಕು ಎಂಬುದನ್ನು ಓದುವ ಹುಡುಗ ಬೆರಳಿಟ್ಟು ನೋಡಬಹುದು, ಬೇಕೆಂದರೆ ಹಿಂದಿನ ಚೌಕಕ್ಕೆ ಹೋಗಬಹುದು.

ಕತೆ ಬಂದ ಕಾಲವನ್ನೂ ನೋಡಬೇಕು. ಜಪಾನಿನ ಪುರುಷರ ತಂಡಕ್ಕೆ ಒಂದು ಸುವರ್ಣಯುಗವಿತ್ತು. 1960ರ ರೋಮ್, 64ರ ಟೋಕಿಯೋ, 68ರ ಮೆಕ್ಸಿಕೋ, 72ರ ಮ್ಯೂನಿಕ್, 76ರ ಮಾಂಟ್ರಿಯಲ್, ಹೀಗೆ ಐದು ಒಲಿಂಪಿಕ್ಸ್‌ಗಳಲ್ಲಿ ಸಾಲಾಗಿ ತಂಡದ ಚಿನ್ನ. ಮ್ಯೂನಿಕ್‌ನಲ್ಲಿ ಮಿತ್ಸುಒ ತ್ಸುಕಹಾರ ಹೈಬಾರ್‌ನಿಂದ ಇಳಿಯುವಾಗ ಎರಡು ಲಾಗಗಳ ನಡುವೆ ಮೈಯನ್ನೂ ಒಂದು ಸುತ್ತು ತಿರುಚಿ ನೆಲಕ್ಕೆ ಬಂದರು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಮೂರು ವರ್ಷವಾಗಿತ್ತಷ್ಟೆ. ಜಪಾನೀಯರು ಆ ಇಳಿತಕ್ಕೆ 'ಚಂದ್ರನೆಲದ ಲಾಗ' ಎಂದೇ ಹೆಸರಿಟ್ಟರು. ಮಾಂಟ್ರಿಯಲ್‌ನಲ್ಲಿ ಶುನ್ ಫುಜಿಮೊಟೊ ಎಂಬ ಜಿಮ್ನಾಸ್ಟ್ ನೆಲದ ಕಸರತ್ತಿನಲ್ಲಿ ಮಂಡಿಚಿಪ್ಪು ಒಡೆದುಕೊಂಡೂ ಯಾರಿಗೂ ಹೇಳದೆ ರಿಂಗ್ಸ್ ಏರಿದರು. ಎತ್ತರದಿಂದ ಹಾರಿ ಅದೇ ಕಾಲಿನ ಮೇಲೆ ನಿಂತು 9.7 ಅಂಕ ಪಡೆದರು. ಸೋವಿಯತ್ ತಂಡವನ್ನು ಜಪಾನ್ ಸೋಲಿಸಿದ್ದು 0.40 ಅಂಕದಿಂದ. ಶುನ್ ಫುಜಿಮಾಕಿ ಎಂಬ ಹೆಸರನ್ನು ಕೇಳಿದ ಹಿರಿಯ ಜಪಾನೀಯನಿಗೆ ಶುನ್ ಫುಜಿಮೊಟೊ ನೆನಪಾಗದಿರುವುದು ಕಷ್ಟ.

ಆಮೇಲೆ ಬರಗಾಲ. 1992ರ ಬಾರ್ಸಿಲೋನಾದಲ್ಲಿ ತಂಡಕ್ಕೆ ಕಂಚು ಬಂದದ್ದೇ ಕೊನೆ. 1996ರ ಅಟ್ಲಾಂಟಾದಲ್ಲಿ ಐದು ಸಲದ ಚಾಂಪಿಯನ್ ತಂಡ ಹತ್ತನೇ ಸ್ಥಾನಕ್ಕೆ ಇಳಿಯಿತು. ಒಂದು ಪದಕವೂ ಇಲ್ಲ. 2000ದ ಸಿಡ್ನಿಯಲ್ಲಿ ನಾಲ್ಕನೆಯ ಸ್ಥಾನ, ಅಲ್ಲೂ ಪದಕವಿಲ್ಲ. ಹೀಗೆ 'ಗಂಬಾ' ಅಚ್ಚಾಗುತ್ತಿದ್ದ ಆರೂ ವರ್ಷ ಜಪಾನಿನ ನಿಜವಾದ ಜಿಮ್ನಾಸ್ಟ್‌ಗಳು ಒಲಿಂಪಿಕ್ಸ್‌ನಿಂದ ಬರಿಗೈಲಿ ಮರಳಿದರು. ವಾಸ್ತವದಲ್ಲಿ ಚಿನ್ನ ಕಾಣದಿದ್ದ ಕಾಲದಲ್ಲಿ ಚಿನ್ನದ ಮಾತಾಡುತ್ತಿದ್ದವನು ಕಾಗದದ ಮೇಲಿನ ಆ ಹುಡುಗನೊಬ್ಬನೇ.

ಅವನಿಗೆ ಕತೆಯಲ್ಲಿ ಸಿಕ್ಕ ಗುರು ಆಂಡ್ರಿಯಾನೋಫ್ ಎಂಬ ಸೋವಿಯತ್ ಮೂಲದ ಜಿಮ್ನಾಸ್ಟ್. ನಿಜ ಜೀವನದಲ್ಲೂ ಬಹುತೇಕ ಅದೇ ಹೆಸರಿನ ಒಬ್ಬರಿದ್ದರು. ನಿಕೊಲಾಯ್ ಆಂಡ್ರಿಯಾನೋವ್, ಮಾಂಟ್ರಿಯಲ್‌ನಲ್ಲಿ ಸಮಗ್ರ ವಿಭಾಗದ (ಆರೂ ಸಾಧನಗಳ ಅಂಕ ಕೂಡಿಸುವ ಸ್ಪರ್ಧೆ) ಚಾಂಪಿಯನ್, ಒಟ್ಟು 15 ಒಲಿಂಪಿಕ್ ಪದಕಗಳ ಒಡೆಯ. ಪುರುಷರಲ್ಲಿ ಆ ದಾಖಲೆ 2008ರಲ್ಲಿ ಮೈಕೆಲ್ ಫೆಲ್ಪ್ಸ್ ಮುರಿಯುವವರೆಗೆ ಅವರದೇ ಆಗಿತ್ತು. 90ರ ದಶಕದಲ್ಲಿ ಹಳೆಯ ಎದುರಾಳಿ ತ್ಸುಕಹಾರ ಕರೆದರೆಂದು ಅವರು ಜಪಾನಿಗೆ ಬಂದು ತ್ಸುಕಹಾರರ ಮಗ ನಾಓಯಾಗೆ ತರಬೇತಿ ಕೊಟ್ಟರು. 0.40 ಅಂಕಕ್ಕಾಗಿ ಸೆಣಸಿದ ತಂಡಗಳ ಇಬ್ಬರು, ಇಪ್ಪತ್ತು ವರ್ಷಗಳ ನಂತರ ಒಂದೇ ಜಿಮ್ನೇಷಿಯಂನಲ್ಲಿ ಒಬ್ಬ ಹುಡುಗನನ್ನು ತಿದ್ದುತ್ತಿದ್ದರು. ಯಾವ ಕಾಮಿಕ್‌ಗೂ ಕಡಿಮೆಯಿಲ್ಲದ ಕತೆ ಇದು. 2004ರ ಅಥೆನ್ಸ್‌ನಲ್ಲಿ ಜಪಾನ್ ತಂಡ 28 ವರ್ಷಗಳ ನಂತರ ಚಿನ್ನ ಗೆದ್ದಾಗ ಆ ತಂಡದಲ್ಲಿ ನಾಓಯಾ ತ್ಸುಕಹಾರ ಇದ್ದರು. ಕೊನೆಗೆ ಹೈಬಾರ್ ಏರಿ, ಕಾಲು ಕದಲಿಸದೆ ನೆಲಕ್ಕೆ ನಿಂತು ಚಿನ್ನ ಖಚಿತಪಡಿಸಿದವರು ಹಿರೋಯುಕಿ ತೊಮಿತಾ.

ಅಷ್ಟು ಹೊತ್ತಿಗೆ 'ಗಂಬಾ' ಓದಿ ಬೆಳೆದ ಮಕ್ಕಳು ಹದಿಹರೆಯಕ್ಕೆ ಬಂದಿದ್ದರು. ಅವರಲ್ಲೊಬ್ಬ ಕೊಹೆಯ್ ಉಚಿಮುರಾ.

ಉಚಿಮುರಾ ಹುಟ್ಟಿದ್ದು 1989ರ ಜನವರಿಯಲ್ಲಿ. ತಂದೆ ತಾಯಿ ಇಬ್ಬರೂ ಜಿಮ್ನಾಸ್ಟ್‌ಗಳು. ನಾಗಾಸಾಕಿ ಪ್ರಾಂತ್ಯದ ಇಸಾಹಾಯಾ ಊರಿನಲ್ಲಿ ಅವರದೊಂದು ಜಿಮ್ನಾಸ್ಟಿಕ್ಸ್ ಕ್ಲಬ್ ಇತ್ತು. ಹುಡುಗನಿಗೆ ಆಟದ ಸಾಮಾನು ಎಂದರೆ ಪಿಂಕ್ ಪ್ಯಾಂಥರ್ ಗೊಂಬೆ. ಅದರ ಉದ್ದನೆಯ ಕೈಕಾಲು ಬಗ್ಗಿಸಿ, ತಿರುಚಿ, ಗಾಳಿಯಲ್ಲಿ ಸುತ್ತಿಸಿ ಕಸರತ್ತಿನ ಹಂತಗಳನ್ನು ಅವನು ಕಂಡುಕೊಳ್ಳುತ್ತಿದ್ದ, ಅದನ್ನು ನೋಟ್‌ಬುಕ್ಕಿನಲ್ಲಿ ಒಂದರ ಪಕ್ಕ ಒಂದು ಚಿತ್ರವಾಗಿ ಬರೆಯುತ್ತಿದ್ದ. ಅವನು ಮೆಚ್ಚಿ ಓದುತ್ತಿದ್ದ ಕಾಮಿಕ್ 'ಗಂಬಾ! ಫ್ಲೈ ಹೈ'. ಕಾಮಿಕ್ ಮಾಡುವುದೂ ಈ ಹುಡುಗ ಮಾಡುತ್ತಿದ್ದುದೂ ಬೇರೆಬೇರೆ ಅಲ್ಲ: ಹಿಡಿಯಲಾಗದ ವೇಗವನ್ನು ಚೌಕಚೌಕವಾಗಿ ಬಿಡಿಸಿ ಕಣ್ಣಿಗೆ ನಿಲುಕುವಂತೆ ಮಾಡುವುದು. 15ನೇ ವಯಸ್ಸಿಗೆ ಅವನು ಮನೆ ಬಿಟ್ಟು ಟೋಕಿಯೋಗೆ ಹೊರಟ. ಹೋಗಿ ಸೇರಿದ್ದು ಅದೇ ನಾಓಯಾ ತ್ಸುಕಹಾರ ಇದ್ದ ಕ್ಲಬ್ಬಿಗೆ.

ಮುಂದಿನದು ಕ್ರೀಡಾ ಇತಿಹಾಸ. 2008ರ ಬೀಜಿಂಗ್‌ನಲ್ಲಿ 19ರ ಹುಡುಗನಾಗಿ ಸಮಗ್ರ ವಿಭಾಗದ ಬೆಳ್ಳಿ. 2009ರಿಂದ 2015ರವರೆಗೆ ಆರು ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿ ಸಮಗ್ರ ಚಿನ್ನ. 2012ರ ಲಂಡನ್, 2016ರ ರಿಯೊ ಒಲಿಂಪಿಕ್ಸ್‌ಗಳಲ್ಲೂ ಅದೇ. ಎಂಟು ವರ್ಷ ಜಗತ್ತಿನ ಯಾವ ಜಿಮ್ನಾಸ್ಟ್‌ನಿಂದಲೂ ಅವರನ್ನು ಕೆಳಗಿಳಿಸಲಾಗಲಿಲ್ಲ. ಹೈಬಾರ್, ಪ್ಯಾರಲಲ್ ಬಾರ್, ರಿಂಗ್ಸ್, ಪಾಮೆಲ್ ಹಾರ್ಸ್, ವಾಲ್ಟ್, ನೆಲದ ಕಸರತ್ತು, ಈ ಆರೂ ಸಾಧನಗಳ ಮೇಲೆ ಸಮನಾಗಿ ನಿಲ್ಲುವ ಜಿಮ್ನಾಸ್ಟ್ ಅಪರೂಪ. ಪಾದದ ತುದಿ ಸಹ ಬಾಗದಷ್ಟು ಅಚ್ಚುಕಟ್ಟಾಗಿ ನಿಲ್ಲುವವನು ಇನ್ನೂ ಅಪರೂಪ. ಜಿಮ್ನಾಸ್ಟಿಕ್ಸ್ ಕಂಡ ಅತಿದೊಡ್ಡ ಪುರುಷ ಆಟಗಾರ ಉಚಿಮುರಾ ಎಂದರೆ ಅದು ಉತ್ಪ್ರೇಕ್ಷೆಯಾಗದು.

ರಿಯೊದ ಆ ರಾತ್ರಿಯನ್ನು ಹತ್ತಿರದಿಂದ ನೋಡಬೇಕು. ಐದು ಸಾಧನಗಳು ಮುಗಿದಿವೆ. ಉಕ್ರೇನಿನ ಒಲೆಗ್ ವೆರ್ನಿಯಾಯೆವ್ 0.901 ಅಂಕ ಮುಂದಿದ್ದಾರೆ. ಈ ಆಟದಲ್ಲಿ ಅದು ಬೆಟ್ಟದಷ್ಟು ಅಂತರ. ಉಳಿದಿರುವುದು ಹೈಬಾರ್ ಒಂದೇ. ಉಚಿಮುರಾ ಏರಿದರು. ಕಂಬಿ ಬಿಟ್ಟು ಹಾರಿ ಮತ್ತೆ ಹಿಡಿಯುವ ಪಟ್ಟುಗಳೆಲ್ಲ ಒಂದೊಂದಾಗಿ ಕೈಗೆ ಸಿಕ್ಕವು. ಇಳಿಯುವಾಗ ಎರಡೂ ಪಾದ ನೆಲಕ್ಕೆ ಅಂಟಿದಂತೆ ನಿಂತವು. ವೆರ್ನಿಯಾಯೆವ್ ಇಳಿಯುವಾಗ ಒಂದು ಹೆಜ್ಜೆ ತಪ್ಪಿದರು. ಅಂತಿಮ ಲೆಕ್ಕ 92.365 ಮತ್ತು 92.266. ವ್ಯತ್ಯಾಸ 0.099.

ಅದೇ ರಿಯೊದಲ್ಲಿ ಅಗರ್ತಲಾದ ದೀಪಾ ಕರ್ಮಾಕರ್ ವಾಲ್ಟ್‌ನಲ್ಲಿ 15.066 ಅಂಕ ಪಡೆದು ನಾಲ್ಕನೆಯವರಾದರು. ಕಂಚು ತಪ್ಪಿದ್ದು 0.150ರಲ್ಲಿ. ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ಭಾರತದ ಮೊದಲ ಮಹಿಳಾ ಜಿಮ್ನಾಸ್ಟ್ ಅವರು. ಆ ವಾರ ಭಾರತದ ಎಷ್ಟೋ ಮನೆಗಳಲ್ಲಿ ಜನ ಮೊದಲ ಸಲ ದಶಮಾಂಶದ ಮೂರನೆಯ ಸ್ಥಾನವನ್ನು ಎಣಿಸಲು ಕಲಿತರು.

ಕಾಮಿಕ್‌ನ ಕಾಲಕ್ಕೂ ಇಂದಿಗೂ ಈ ಎಣಿಕೆಯೇ ಬೇರೆ. ಶುನ್ ಆಡಿದ್ದು ಹತ್ತಂಕದ ಯುಗದಲ್ಲಿ. ಹತ್ತು ಎಂದರೆ ಪರಿಪೂರ್ಣ, ಅದರಾಚೆ ಏನೂ ಇಲ್ಲ. ಕಡ್ಡಾಯ ಕಸರತ್ತು 1996ರ ನಂತರ ನಿಂತುಹೋಯಿತು. ಅಥೆನ್ಸ್‌ನಲ್ಲಿ ಅಂಕ ಕೊಡುವುದರಲ್ಲಿ ಆದ ಗೊಂದಲದ ಬಳಿಕ, 2006ರಲ್ಲಿ ಹತ್ತಂಕದ ಪದ್ಧತಿಯೂ ಹೋಯಿತು. ಈಗ ಕಸರತ್ತು ಎಷ್ಟು ಕಠಿಣ ಎಂಬುದಕ್ಕೆ ಒಂದು ಅಂಕ, ಅದನ್ನು ಎಷ್ಟು ಚೊಕ್ಕವಾಗಿ ಮಾಡಿದರು ಎಂಬುದಕ್ಕೆ ಇನ್ನೊಂದು. ಎರಡನ್ನೂ ಕೂಡುತ್ತಾರೆ. ಹೊಸ ಪದ್ಧತಿ ಹೆಚ್ಚು ನ್ಯಾಯವಾದದ್ದು ಇರಬಹುದು. ಆದರೆ ಫಲಕದ ಮೇಲೆ ಹತ್ತು ಎಂದು ಮೂಡಿದಾಗ ಮಗುವಿಗೂ ಅರ್ಥವಾಗುತ್ತಿತ್ತು. 14.533 ನೋಡಿದರೆ ತಿಳಿದವರೂ ಒಂದು ಗಳಿಗೆ ಯೋಚಿಸಬೇಕು. ಹಳೆಯ ಸಂಪುಟಗಳನ್ನು ಇಂದು ತೆರೆಯುವ ಓದುಗ ಆ ಹತ್ತರ ಗುಂಗನ್ನು ಅಲ್ಲಿ ಮಾತ್ರ ಅನುಭವಿಸಬಲ್ಲ.

ಕಾಮಿಕ್‌ನಲ್ಲಿ ಕೊರತೆ ಇಲ್ಲವೆಂದಲ್ಲ. ಸಕಾ-ಅಗರಿ ಬಾರದ ಹನ್ನೆರಡರ ಹುಡುಗ ಕೆಲವೇ ವರ್ಷಗಳಲ್ಲಿ ಒಲಿಂಪಿಕ್ಸ್ ತಲುಪುವುದು ಕತೆಯಲ್ಲಷ್ಟೇ ಸಾಧ್ಯ. ನಿಜದ ಜಿಮ್ನಾಸ್ಟ್‌ಗಳು ಉಚಿಮುರಾರಂತೆ ಎಳವೆಯಲ್ಲೇ ಕಂಬಿ ಹಿಡಿದವರು. ಗಾಯದ ಮಾತಂತೂ ಇನ್ನೂ ಕಠೋರ. 2017ರ ಮಾಂಟ್ರಿಯಲ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ವಾಲ್ಟ್‌ನಿಂದ ಇಳಿಯುವಾಗ ಉಚಿಮುರಾರ ಕಣಕಾಲಿಗೆ ಪೆಟ್ಟಾಯಿತು. ಸ್ವದೇಶ ವಿದೇಶಗಳ ಸಮಗ್ರ ಸ್ಪರ್ಧೆಗಳಲ್ಲಿ 40ಕ್ಕೆ ಮುಟ್ಟಿದ್ದ ಗೆಲುವಿನ ಸಾಲು ಅಲ್ಲಿಗೆ ತುಂಡಾಯಿತು. ಭುಜಗಳ ನೋವು ಹೆಚ್ಚಿ, ಕೊನೆಗೆ ಆರರಲ್ಲಿ ಐದು ಸಾಧನ ಬಿಟ್ಟು ಹೈಬಾರ್ ಒಂದನ್ನೇ ಉಳಿಸಿಕೊಂಡರು. ತಮ್ಮದೇ ದೇಶದಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ, 2021ರ ಜುಲೈಯಲ್ಲಿ, ಆ ಹೈಬಾರ್‌ನಿಂದಲೇ ಕೈ ಜಾರಿ ಚಾಪೆಯ ಮೇಲೆ ಬಿದ್ದರು. ಫೈನಲ್ ತಲುಪಲಿಲ್ಲ.

ಆದರೂ 'ಗಂಬಾ' ಬೀಳುವುದನ್ನು ಮರೆಮಾಚಿದ ಕತೆಯಲ್ಲ. ಅದು ಶುರುವಾಗುವುದೇ ಬೀಳುವ ಹುಡುಗನಿಂದ. ಅದಕ್ಕೇ, ಟೋಕಿಯೋದ ಚಾಪೆಯ ಮೇಲೆ ಬಿದ್ದ 32ರ ಉಚಿಮುರಾರನ್ನು ನೋಡುವಾಗ ಶಾಲೆಯ ಕಂಬಿಯ ಕೆಳಗೆ ಕೂತ ಶುನ್ ನೆನಪಾಗುತ್ತಾನೆ. ಉಚಿಮುರಾ 2022ರ ಜನವರಿಯಲ್ಲಿ ನಿವೃತ್ತಿ ಘೋಷಿಸಿದರು. ಆ ವರ್ಷದ ಮಾರ್ಚ್ 12ರಂದು ಟೋಕಿಯೋ ಮೆಟ್ರೊಪಾಲಿಟನ್ ಜಿಮ್ನೇಷಿಯಂನಲ್ಲಿ ಬೀಳ್ಕೊಡುಗೆಯ ಪ್ರದರ್ಶನ ನಡೆಯಿತು. ಐದನ್ನು ಬಿಟ್ಟಿದ್ದ ಅವರು ಅಂದು ಮತ್ತೆ ಆರೂ ಸಾಧನಗಳನ್ನು ಏರಿದರು. ಅಂಕ ಕೊಡುವವರಿಗಾಗಿಯೂ ಅಲ್ಲ, ಪದಕಕ್ಕಾಗಿಯೂ ಅಲ್ಲ.

ಟೋಕಿಯೋದ ಹೈಬಾರ್ ಚಿನ್ನ ಕೊನೆಗೆ ಜಪಾನಿಗೇ ಉಳಿಯಿತು. ಗೆದ್ದವರು 19 ವರ್ಷದ ದೈಕಿ ಹಶಿಮೊಟೊ. ಒಲಿಂಪಿಕ್ಸ್‌ನ ಈ ಸಾಧನದಲ್ಲಿ ಜಪಾನಿಗೆ ಚಿನ್ನ ಬಂದು ಅಷ್ಟರಲ್ಲಿ 37 ವರ್ಷಗಳಾಗಿದ್ದವು. ಅದಕ್ಕೆ ಹಿಂದಿನದನ್ನು ಗೆದ್ದವರು ಶಿಂಜಿ ಮೊರಿಸುಎ.